ಕರೆ ದುಬೈನದು, ನಂಬರ್ ಮಾತ್ರ ಇಲ್ಲಿನದು: ಯಾಕೆ ಹೀಗಾಗುತ್ತೆ?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇದ್ದಾರೆ. ಅವರ ಮಗ, ಅಂದರೆ ನಮ್ಮಣ್ಣ, ದುಬೈನಲ್ಲಿದ್ದಾನೆ. ಒಂದು ದಿನ ಬೆಳಗಿನ ಜಾವ ದೊಡ್ಡಮ್ಮನ ಫೋನ್ ಮೂರು ಸಲ ರಿಂಗಾಯಿತು. ಮೂರೂ ಸಲ ಬೇರೆ ಬೇರೆ ನಂಬರ್. ಮೂರೂ ನಮ್ಮ ದೇಶದ ಹತ್ತಂಕಿ ಮೊಬೈಲ್ ನಂಬರ್‌ಗಳೇ. ಗುರುತಿಲ್ಲದ ನಂಬರ್ ಎತ್ತಬೇಡಿ ಅಂತ ನಾವೇ ಅವರಿಗೆ ನೂರು ಸಲ ಹೇಳಿದ್ದೆವು. ಅವರು ಮೂರು ಸಲವೂ ಕಟ್ ಮಾಡಿ, ಹಾಲು ಕಾಯಿಸೋಕೆ ಹೋದರು.

ಮಾಡಿದ್ದು ಅಣ್ಣನೇ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಾಡುತ್ತಿದ್ದ. ಅವನಿಗೆ ಮಗಳು ಹುಟ್ಟಿದ್ದಳು. ಮೆಸೇಜನ್ನೂ ಹಾಕಿದ್ದ. ಆದರೆ ದೊಡ್ಡಮ್ಮ ರಾತ್ರಿ ನೆಟ್ ಆಫ್ ಮಾಡಿ ಮಲಗುತ್ತಾರೆ, ಪೂಜೆ ಮುಗಿಸಿದ ಮೇಲೆಯೇ ಆನ್ ಮಾಡೋದು. ಹತ್ತು ಗಂಟೆಗೆ ಸುದ್ದಿ ಗೊತ್ತಾದಾಗ ಅವರು ಮೊದಲು ಅತ್ತರು. ಆಮೇಲೆ ನನಗೆ ಫೋನ್ ಮಾಡಿ ಕೇಳಿದರು: "ಅವನು ದುಬೈನಿಂದ ಮಾಡಿದರೆ ಇಲ್ಲಿನ ನಂಬರ್ ಯಾಕಪ್ಪ ಬರುತ್ತೆ? ಅದೂ ಮೂರು ಥರದ್ದು?"

ತುಂಬಾ ಒಳ್ಳೆಯ ಪ್ರಶ್ನೆ. ನಮ್ಮಪ್ಪ ಮಂಡ್ಯದಲ್ಲಿ ಎಸ್‌ಟಿಡಿ-ಐಎಸ್‌ಡಿ ಬೂತ್ ಇಟ್ಟಿದ್ದರು. ಅದೇ ಜಾಗದಲ್ಲಿ ಈಗ ನಾನು ಮೊಬೈಲ್ ಅಂಗಡಿ ನಡೆಸುತ್ತೇನೆ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ತಂದೆತಾಯಿ ವಾರಕ್ಕೊಬ್ಬರಾದರೂ ಬಂದು ಇದನ್ನೇ ಬೇರೆ ಬೇರೆ ರೀತಿ ಕೇಳುತ್ತಾರೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಹೊರಗಿನಿಂದ ಬರುವ ಫೋನ್ ಕರೆಗೆ ನಮ್ಮ ದೇಶದೊಳಗೆ ಬರೋಕೆ ಒಂದು ಬಾಗಿಲಿದೆ. ಅದನ್ನು ಗೇಟ್‌ವೇ ಅಂತಾರೆ. 2002ರವರೆಗೆ ಈ ಬಾಗಿಲು ವಿಎಸ್‌ಎನ್‌ಎಲ್ ಅನ್ನೋ ಒಂದೇ ಕಂಪನಿಯ ಕೈಯಲ್ಲಿತ್ತು. ನಮ್ಮಪ್ಪನ ಬೂತಿನಲ್ಲಿ ಜನ ಬೆವರು ಒರೆಸಿಕೊಂಡು, ಮೀಟರ್ ನೋಡಿಕೊಂಡು ಮಾತಾಡುತ್ತಿದ್ದರಲ್ಲ, ಆ ಕರೆಗಳೆಲ್ಲ ಆ ಒಂದೇ ಬಾಗಿಲಿನಿಂದ ಆಚೆ ಹೋಗುತ್ತಿದ್ದವು. ಆ ವರ್ಷ ಏಪ್ರಿಲ್‌ನಲ್ಲಿ ಬೇರೆ ಕಂಪನಿಗಳಿಗೂ ಲೈಸೆನ್ಸ್ ಕೊಡೋದು ಶುರುವಾಯಿತು. ಬಾಗಿಲು ಹೆಚ್ಚಾದವು, ದರ ಇಳಿಯಿತು. ಆದರೆ ನಿಯಮ ಬದಲಾಗಲಿಲ್ಲ. ಹೊರದೇಶದ ಕರೆ ನಮ್ಮ ಫೋನ್ ಜಾಲಕ್ಕೆ ಸೇರಬೇಕಾದರೆ ಲೈಸೆನ್ಸ್ ಇರುವ ಕಂಪನಿಯ ಗೇಟ್‌ವೇ ದಾಟಿಯೇ ಬರಬೇಕು.

ಅಣ್ಣ ದುಬೈ ಸಿಮ್‌ನಿಂದ ನೇರವಾಗಿ ಡಯಲ್ ಮಾಡಿದರೆ ಏನಾಗುತ್ತೆ ನೋಡಿ. ಅಲ್ಲಿನ ಮೊಬೈಲ್ ಕಂಪನಿ ಕರೆಯನ್ನು ಒಂದು ಅಂತಾರಾಷ್ಟ್ರೀಯ ಕಂಪನಿಗೆ ಒಪ್ಪಿಸುತ್ತೆ. ಅದು ಸಮುದ್ರದಡಿಯ ಕೇಬಲ್ ಹಿಡಿದು ಮುಂಬೈ ಥರದ ಕಡೆ ಇರುವ ಗೇಟ್‌ವೇಗೆ ಬರುತ್ತೆ. ಅಲ್ಲಿಂದ ದೊಡ್ಡಮ್ಮನ ಸಿಮ್ ಕಂಪನಿಗೆ, ಕೊನೆಗೆ ಸರಸ್ವತಿಪುರಂನ ಟವರಿಗೆ. ಪರದೆ ಮೇಲೆ +971 ಅಂತ ಶುರುವಾಗುವ ನಂಬರ್ ಕಾಣುತ್ತೆ. ಅದು ಯುಎಇಯ ಕೋಡ್. ಈ ದಾರಿಯಲ್ಲಿ ಕರೆಯನ್ನು ಮುಟ್ಟಿದ ಪ್ರತಿಯೊಬ್ಬರಿಗೂ ಪಾಲು ಸಿಗುತ್ತೆ. ಐಎಸ್‌ಡಿ ದುಬಾರಿ ಆಗೋದು ಅದಕ್ಕೇ.

ಆ ಪಾಲುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಗಮನವಿಟ್ಟು ನೋಡಬೇಕು, ಯಾಕಂದರೆ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಹೊರದೇಶದ ಕರೆಯನ್ನು ಕೊನೆಗೆ ನಮ್ಮ ಫೋನಿಗೆ ಮುಟ್ಟಿಸುವ ಇಲ್ಲಿನ ಮೊಬೈಲ್ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕು. ಈ ದರವನ್ನು ನಮ್ಮ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಗೊತ್ತುಮಾಡುತ್ತೆ. ಮೊದಲು 53 ಪೈಸೆ ಇತ್ತು. 2018ರ ಫೆಬ್ರವರಿಯಿಂದ 30 ಪೈಸೆಗೆ ಇಳಿಯಿತು. 2020ರ ಮೇ 1ರಿಂದ 35 ಪೈಸೆಯಿಂದ 65 ಪೈಸೆಯೊಳಗೆ ಎಷ್ಟಾದರೂ ಇಟ್ಟುಕೊಳ್ಳಬಹುದು ಅಂತಾಯಿತು. ದೇಶದೊಳಗೇ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಕರೆಗೂ ಹೀಗೇ ಒಂದು ದರ ಇತ್ತು. 2021ರ ಜನವರಿ 1ರಿಂದ ಅದು ಸೊನ್ನೆ.

ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಬಂದ ಕರೆಗೆ ಆ ಪಾಲು ಇಲ್ಲ. ದುಬೈನಿಂದ ಬಂದರೆ ನಿಮಿಷಕ್ಕೆ 65 ಪೈಸೆವರೆಗೂ ಹೋಗುತ್ತೆ. ಇಷ್ಟೇನಾ ಅನ್ನಿಸಬಹುದು. ಆದರೆ ದಿನಕ್ಕೆ ಲಕ್ಷ ನಿಮಿಷ ಸಾಗಿಸುವವನಿಗೆ ಅದು ದಿನಕ್ಕೆ 65 ಸಾವಿರ ರೂಪಾಯಿ. ದುಬೈ ಕರೆಯನ್ನು ಬೆಂಗಳೂರಿನ ಕರೆ ಅಂತ ತೋರಿಸಿಬಿಟ್ಟರೆ ಆ ದುಡ್ಡಷ್ಟೂ ಉಳಿಯಿತು. ಜೊತೆಗೆ ಗೇಟ್‌ವೇಯ ಖರ್ಚೂ ಉಳಿಯಿತು. ಕಳ್ಳದಾರಿ ಹುಟ್ಟಿಕೊಂಡದ್ದು ಈ ಆಸೆಯಿಂದ.

ಕಳ್ಳದಾರಿ ಹೀಗಿರುತ್ತೆ. ಯಾವುದೋ ಊರಲ್ಲಿ ಒಂದು ಬಾಡಿಗೆ ರೂಮು. ಒಳಗೆ ಸಣ್ಣ ಸೂಟ್‌ಕೇಸಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರ ಮೈತುಂಬಾ ಸಾಲಾಗಿ ಸಣ್ಣ ಸಣ್ಣ ಆಂಟೆನಾ ನೆಟ್ಟಿರುತ್ತವೆ. ಒಳಗೆ ಹತ್ತಾರು ಸಿಮ್ ಕೂರಿಸುವ ಜಾಗ. ಹಿಂದುಗಡೆ ಇಂಟರ್ನೆಟ್ ಕೇಬಲ್. ಇದೇ ಸಿಮ್ ಬಾಕ್ಸ್. ಅಣ್ಣನ ಮಾತು ದುಬೈನಿಂದ ಇಂಟರ್ನೆಟ್ ಮೂಲಕ ಈ ಪೆಟ್ಟಿಗೆಗೆ ಬರುತ್ತೆ. ಪೆಟ್ಟಿಗೆ ತನ್ನೊಳಗಿನ ಯಾವುದಾದರೂ ಖಾಲಿ ಸಿಮ್‌ನಿಂದ ದೊಡ್ಡಮ್ಮನಿಗೆ ಡಯಲ್ ಮಾಡುತ್ತೆ. ಆ ಸಿಮ್‌ಗೆ ಅನ್‌ಲಿಮಿಟೆಡ್ ಪ್ಯಾಕ್ ಹಾಕಿರುತ್ತಾರೆ. ಹಾಗಾಗಿ ಎಷ್ಟು ಮಾತಾಡಿದರೂ ಅವರಿಗೆ ಜಾಸ್ತಿ ಖರ್ಚಿಲ್ಲ. ಪರದೆ ಮೇಲೆ ಕಾಣೋದು ಅಣ್ಣನ ನಂಬರ್ ಅಲ್ಲ, ಆ ಪೆಟ್ಟಿಗೆಯೊಳಗಿನ ಸಿಮ್‌ನ ನಂಬರ್. ಮತ್ತೆ ಮಾಡಿದರೆ ಬೇರೆ ಸಿಮ್ ಸಿಗುತ್ತೆ, ಬೇರೆ ನಂಬರ್ ಬರುತ್ತೆ. ಮೂರು ಸಲಕ್ಕೆ ಮೂರು ನಂಬರ್ ಬಂದದ್ದು ಹೀಗೆ. ನಾವು ಆ ನಂಬರಿಗೆ ವಾಪಸ್ ಮಾಡಿದರೆ ಅಣ್ಣ ಸಿಗೋದಿಲ್ಲ. ಸುಮ್ನೆ ರಿಂಗಾಗುತ್ತೆ, ಇಲ್ಲವಾದರೆ ಸ್ವಿಚ್ ಆಫ್ ಅನ್ನುತ್ತೆ.

ಅಣ್ಣನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರೂಮಿನವರು ಯಾರೋ ಹೇಳಿದ ಒಂದು ಅಗ್ಗದ ಕಾಲಿಂಗ್ ಆ್ಯಪ್ ಹಾಕಿಕೊಂಡಿದ್ದ, ಅಷ್ಟೇ. ಮಾತಾಡುವವನಿಗೆ ತನ್ನ ಕರೆ ಯಾವ ದಾರಿ ಹಿಡಿಯಿತು ಅಂತ ಕಾಣೋದೇ ಇಲ್ಲ. ಕಾಣೋದು ಈ ತುದಿಯವರಿಗೆ ಮಾತ್ರ. ಆದ್ದರಿಂದ ಹೊರದೇಶದಲ್ಲಿರುವ ಮಕ್ಕಳು ಹೊಸ ಆ್ಯಪ್ ಹಾಕಿದಾಗೆಲ್ಲ ಮನೆಯವರನ್ನು ಒಂದೇ ಮಾತು ಕೇಳಬೇಕು: "ನನ್ನ ನಂಬರ್ ಏನಂತ ಬಂತು?" ಗುರುತಿಲ್ಲದ ಭಾರತದ ನಂಬರ್ ಬಂತು ಅಂದರೆ ಆ ಆ್ಯಪನ್ನು ಅವತ್ತೇ ತೆಗೆದುಬಿಡಿ.

ಇದರಿಂದ ಕಂಪನಿಗಳಿಗೆ ನಷ್ಟ, ನಮಗೇನು ಅಂತ ಅಂಗಡಿಯಲ್ಲಿ ಒಬ್ಬರು ಕೇಳಿದರು. ನಷ್ಟ ಅಷ್ಟೇ ಆಗಿದ್ದರೆ ನಾನೂ ಇಷ್ಟೊಂದು ಬರೆಯುತ್ತಿರಲಿಲ್ಲ. ಗೇಟ್‌ವೇ ದಾಟಿದ ಕರೆಗೆ ಲೆಕ್ಕ ಇರುತ್ತೆ. ಯಾವ ದೇಶದಿಂದ ಬಂತು, ಯಾರಿಗೆ ಹೋಯಿತು, ಎಷ್ಟು ಹೊತ್ತು ಅನ್ನೋ ದಾಖಲೆಯನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರ್‌ನಲ್ಲಿ ನಿಯಮ ಬಿಗಿ ಮಾಡಿದರು. ಸಿಮ್ ಬಾಕ್ಸಿನ ಕರೆಗೆ ಆ ಲೆಕ್ಕ ಇಲ್ಲ. ದೊಡ್ಡಮ್ಮನನ್ನು ಯಾರಾದರೂ ಹೆದರಿಸಿ ದುಡ್ಡು ಕಿತ್ತುಕೊಂಡರು ಅಂದುಕೊಳ್ಳಿ. ಪೊಲೀಸರು ಆ ನಂಬರ್ ಹಿಡಿದು ಹೋದರೆ ಸಿಗೋದು ಯಾರದೋ ಆಧಾರ್ ಮೇಲೆ ತೆಗೆದ ಸಿಮ್. ಆ ಆಧಾರ್ ಪಾಂಡವಪುರದ ಒಬ್ಬ ರೈತನದ್ದೂ ಆಗಿರಬಹುದು. ಪಾಪ, ಅವರಿಗೆ ತಮ್ಮ ಹೆಸರಲ್ಲಿ ಸಿಮ್ ಇದೆ ಅನ್ನೋದೇ ಗೊತ್ತಿರಲ್ಲ. ನಿಜವಾಗಿ ಮಾತಾಡಿದವನು ಯಾವ ದೇಶದಲ್ಲಿ ಕೂತಿದ್ದ ಅನ್ನೋದು ಅಲ್ಲಿಗೆ ಮುಚ್ಚಿಹೋಗುತ್ತೆ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನೆಯ ಗುಪ್ತಚರ ವಿಭಾಗ ಒಟ್ಟಿಗೆ ಹೋಗಿ ಇಂಥ ಒಂದು ಜಾಲ ಹಿಡಿದರು. ಫೋನ್ ಕೇಸಿಗೆ ಸೇನೆ ಬಂತು ಅಂದರೆ ವಿಷಯ ಎಷ್ಟು ಗಂಭೀರ ಅಂತ ಅರ್ಥವಾಗುತ್ತೆ, ಅಲ್ವಾ?

ಕೆಲಸ ಹುಡುಕುತ್ತಿರುವ ಹುಡುಗರಿಗೆ ಇಲ್ಲೇ ಒಂದು ಮಾತು. "ನಿಮ್ಮ ರೂಮಲ್ಲಿ ಒಂದು ಪೆಟ್ಟಿಗೆ ಇಡ್ತೀವಿ, ಕರೆಂಟು, ವೈಫೈ ಕೊಡಿ ಸಾಕು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಲೈಸೆನ್ಸ್ ಇಲ್ಲದೆ ಫೋನ್ ಸೇವೆ ನಡೆಸಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಮೋಸದಿಂದ, ಬೇರೆಯವರ ಹೆಸರಲ್ಲಿ ಸಿಮ್ ತೆಗೆದರೂ ಮೂರು ವರ್ಷ, ದಂಡ 50 ಲಕ್ಷದವರೆಗೆ. ಕಮಿಷನ್ ಆಸೆಗೆ ಸಿಮ್ ತೆಗೆದುಕೊಡುವ ಅಂಗಡಿಯವರೂ ಇದನ್ನು ಓದಲಿ. ನಾನೂ ಅದೇ ವ್ಯಾಪಾರದವನು.

ಇಲ್ಲಿನ ನಂಬರ್ ಹೊತ್ತು ಬರುವ ಹೊರದೇಶದ ಕರೆಗಳಲ್ಲಿ ಇನ್ನೊಂದು ಜಾತಿಯಿದೆ. ಇದು ಸಿಮ್ ಬಾಕ್ಸಿಗಿಂತ ಬೇರೆ. ಅಂಚೆ ಕವರ್ ನೆನಪು ಮಾಡಿಕೊಳ್ಳಿ. 'ಇಂದ' ಅಂತ ಬರೆದು ಕೆಳಗೆ ನಾವು ಯಾರ ವಿಳಾಸ ಬೇಕಾದರೂ ಬರೆಯಬಹುದು. ಪೋಸ್ಟ್‌ಮ್ಯಾನ್ ಅದನ್ನು ಪರೀಕ್ಷೆ ಮಾಡಲ್ಲ, 'ಗೆ' ಅಂತ ಇರುವ ಕಡೆ ತಲುಪಿಸುತ್ತಾರೆ. ಫೋನಿನಲ್ಲಿ ಕಾಣುವ ನಂಬರೂ ಹೆಚ್ಚುಕಡಿಮೆ ಹಾಗೇ. ಕರೆ ಹೊರಡುವ ಕಡೆ ಯಾವ ನಂಬರ್ ಬರೆದು ಕಳಿಸಿದರೋ ಅದೇ ಈ ತುದಿಯಲ್ಲಿ ಮೂಡುತ್ತೆ. ಮೋಸಗಾರರು ಹೊರದೇಶದಲ್ಲಿ ಕೂತು, ಕಂಪ್ಯೂಟರಿನಿಂದ +91 ನಂಬರ್ ಬರೆದು ಕಳಿಸುತ್ತಿದ್ದರು. ಜನ ನಮ್ಮ ಪೊಲೀಸರದೇ ಕರೆ ಅಂತ ನಂಬಿ ಮೋಸ ಹೋಗುತ್ತಿದ್ದರು.

ಇದನ್ನು ತಡೆಯೋಕೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 22ರಂದು ಒಂದು ವ್ಯವಸ್ಥೆ ಶುರುಮಾಡಿತು. ಹೊರಗಿನಿಂದ ಗೇಟ್‌ವೇಗೆ ಬಂದ ಕರೆ +91 ನಂಬರ್ ತೋರಿಸುತ್ತಿದ್ದರೆ, ಅದು ನಿಜವಾಗಿ ಹೊರದೇಶಕ್ಕೆ ಹೋಗಿ ರೋಮಿಂಗ್‌ನಲ್ಲಿರುವ ನಂಬರೇ ಅಂತ ನೋಡುತ್ತಾರೆ. ಅಲ್ಲ ಅಂದರೆ ಅಲ್ಲೇ ಕಟ್. ಮೊದಲ 24 ಗಂಟೆಯಲ್ಲೇ 1.35 ಕೋಟಿ ಸುಳ್ಳು ಕರೆ ಸಿಕ್ಕಿಬಿದ್ದವು. ಭಾರತದ ನಂಬರ್ ತೋರಿಸಿಕೊಂಡು ಹೊರಗಿನಿಂದ ಬಂದ ಕರೆಗಳಲ್ಲಿ ಶೇಕಡ 90ರಷ್ಟು ಇಂಥವೇ ಆಗಿದ್ದವು ಅಂತ ದೂರಸಂಪರ್ಕ ಇಲಾಖೆ ಹೇಳಿತು.

ಆದರೆ ಈ ಜರಡಿಯಲ್ಲಿ ಸಿಮ್ ಬಾಕ್ಸ್ ಸಿಕ್ಕಿಬೀಳಲ್ಲ. ಅದರ ಕರೆ ಗೇಟ್‌ವೇಗೆ ಬರೋದೇ ಇಲ್ಲವಲ್ಲ. ಅದು ಇಲ್ಲೇ ಇರುವ ನಿಜವಾದ ಸಿಮ್‌ನಿಂದ ಹೊರಟ ಕರೆ. ಅದನ್ನು ಹಿಡಿಯೋಕೆ ನಮ್ಮಂಥವರು ದೂರು ಕೊಡಬೇಕು. ಕರೆ ಹೊರದೇಶದ್ದು, ನಂಬರ್ ಭಾರತದ್ದು ಅಂತ ಖಾತ್ರಿಯಾದರೆ 1963ಕ್ಕೆ ಅಥವಾ 1800110420ಕ್ಕೆ ಹೇಳಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಮತ್ತು ಆ್ಯಪ್‌ನಲ್ಲೂ ಇದಕ್ಕೆ ಬೇರೆ ಜಾಗ ಇಟ್ಟಿದ್ದಾರೆ. ಅಲ್ಲೇ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಲೂ ನೋಡಬಹುದು, ನಿಮ್ಮದಲ್ಲದ್ದನ್ನು 'ನನ್ನದಲ್ಲ' ಅಂತ ಗುರುತು ಮಾಡಬಹುದು. ನಮ್ಮ ಕಡೆ ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ಅಂಗಡಿಗೆ ಬಂದ ಹಿರಿಯರಿಗೆ ನಾನು ಇದನ್ನು ತೋರಿಸಿಕೊಡುತ್ತೇನೆ. ಎರಡು ನಿಮಿಷದ ಕೆಲಸ.

ಹಾಗಾದರೆ ಅಣ್ಣ ಅಗ್ಗದ ಆ್ಯಪ್ ಹಿಂದೆ ಯಾಕೆ ಹೋದ? ಸುಮ್ನೆ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಬಹುದಿತ್ತಲ್ಲ? ಆಗಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತೆ, ವಾಟ್ಸ್‌ಆ್ಯಪ್ ಕರೆ ಹೋಗಲ್ಲ. ಅಲ್ಲಿ ಫೋನ್ ಸೇವೆಯ ಲೈಸೆನ್ಸ್ ಇರೋದು ಎತಿಸಲಾತ್ ಮತ್ತು ಡು ಅನ್ನೋ ಎರಡೇ ಕಂಪನಿಗೆ. ಇಂಟರ್ನೆಟ್ ಮೇಲೆ ಮಾತಾಡುವ ಸೇವೆಯೂ ಆ ಲೈಸೆನ್ಸಿನೊಳಗೇ ಬರಬೇಕು ಅನ್ನೋದು ಅಲ್ಲಿನ ನಿಯಂತ್ರಣ ಸಂಸ್ಥೆ ಟಿಡಿಆರ್‌ಎ ಮಾಡಿದ ನಿಯಮ. 2020ರಲ್ಲಿ ಕೊರೊನಾ ಬಂದಾಗ ಪಾಠಕ್ಕೆ, ಕಚೇರಿ ಕೆಲಸಕ್ಕೆ ಜೂಮ್, ಟೀಮ್ಸ್ ಥರದವನ್ನು ಬಿಟ್ಟರು. ಬೋಟಿಮ್ ಅನ್ನೋ ಆ್ಯಪ್‌ಗೂ ಒಪ್ಪಿಗೆ ಇದೆ. ಅಲ್ಲಿರುವ ನಮ್ಮವರು ಜಾಸ್ತಿ ಬಳಸೋದು ಇದನ್ನೇ.

ವಿಪಿಎನ್, ಅಂದರೆ ನಾವು ಯಾವ ದೇಶದಿಂದ ಇಂಟರ್ನೆಟ್ ಬಳಸುತ್ತಿದ್ದೇವೆ ಅನ್ನೋದನ್ನು ಮರೆಮಾಡುವ ಸಾಫ್ಟ್‌ವೇರ್, ಹಾಕಿಕೊಂಡರೆ ವಾಟ್ಸ್‌ಆ್ಯಪ್ ಕರೆ ಹೋಗುತ್ತೆ ಅಂತ ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಆ ಮಾತು ಕೇಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಚೇರಿಯ ವಿಪಿಎನ್ ಬಳಸೋದು ಅಲ್ಲಿ ತಪ್ಪಲ್ಲ. ಆದರೆ ಅದರ ಮರೆಯಲ್ಲಿ ಕಾನೂನು ಮೀರಿದ ಕೆಲಸ ಮಾಡಿದರೆ 2021ರ ಅಲ್ಲಿನ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಜೈಲೂ ಇದೆ. ಮನೆಗೆ ದುಡ್ಡು ಕಳಿಸೋಕೆ ಅಂತ ಹೋದ ಹುಡುಗ ಒಂದು ಫೋನ್ ಕರೆಗೆ ಅಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳೋದು ಬೇಡ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಈ ತಾಪತ್ರಯ ಇಲ್ಲ. ವಾಟ್ಸ್‌ಆ್ಯಪ್‌ನಿಂದ ವಾಟ್ಸ್‌ಆ್ಯಪ್‌ಗೆ ಮಾಡುವ ಕರೆ ನಮ್ಮ ಫೋನ್ ಜಾಲಕ್ಕೆ ಬರೋದೇ ಇಲ್ಲ. ಅದು ಇಂಟರ್ನೆಟ್‌ನಲ್ಲೇ ಹುಟ್ಟಿ ಇಂಟರ್ನೆಟ್‌ನಲ್ಲೇ ಮುಗಿಯುತ್ತೆ. ಹಾಗಾಗಿ ಗೇಟ್‌ವೇ ಇಲ್ಲ, ಪೈಸೆ ಲೆಕ್ಕವೂ ಇಲ್ಲ. ನಮ್ಮ ದೇಶ ಅದನ್ನು ತಡೆದೂ ಇಲ್ಲ. ತೊಡಕು ಬರೋದು ಆ್ಯಪ್‌ನಿಂದ ಮಾಮೂಲಿ ಫೋನಿಗೆ, ಅಂದರೆ ನೆಟ್ ಇಲ್ಲದ ಅಜ್ಜಿಯ ಬಟನ್ ಫೋನಿಗೋ ಮನೆಯ ಲ್ಯಾಂಡ್‌ಲೈನಿಗೋ ಮಾಡಿದಾಗ. ಹೊರದೇಶದಲ್ಲಿ ಕೂತು ಆ್ಯಪ್‌ನಿಂದ ಭಾರತದ ಫೋನಿಗೆ ಮಾಡೋದು ತಪ್ಪಲ್ಲ. ಆದರೆ ಆ ಕರೆ ಗೇಟ್‌ವೇ ಮೂಲಕವೇ ಬರಬೇಕು. ಅಮೆರಿಕದ ನಂಬರಿನಿಂದ ಮಾಡಿದರೆ +1 ಅಂತಲೇ ಕಾಣಬೇಕು.

ದೇಶದೊಳಗೆ ಆ್ಯಪ್‌ನಿಂದ ಫೋನಿಗೆ ಮಾಡುವ ವಿಷಯದಲ್ಲಿ ನಮ್ಮ ನಿಯಮ ಬಹಳ ವರ್ಷ ಬಿಗಿಯಾಗಿತ್ತು. ಸ್ಕೈಪ್ 2014ರ ನವೆಂಬರ್‌ನಲ್ಲಿ ಭಾರತದೊಳಗಿನ ಇಂಥ ಕರೆಗಳನ್ನು ನಿಲ್ಲಿಸಿತು. 2018ರ ಜೂನ್‌ನಲ್ಲಿ ನಿಯಮ ಸಡಿಲವಾಗಿ, ಇಲ್ಲಿ ಫೋನ್ ಲೈಸೆನ್ಸ್ ಇರುವ ಕಂಪನಿಗಳು ನಂಬರ್ ಕೊಟ್ಟು ಆ್ಯಪ್ ಮೂಲಕ ಸೇವೆ ನಡೆಸಬಹುದು ಅಂತಾಯಿತು. ಬಿಎಸ್‌ಎನ್‌ಎಲ್ ತನ್ನ 'ವಿಂಗ್ಸ್' ಸೇವೆ ತಂದದ್ದು ಆಗಲೇ. ಸ್ಕೈಪ್ ಅಂತೂ 2025ರ ಮೇ ತಿಂಗಳಲ್ಲಿ ಪೂರ್ತಿ ಮುಚ್ಚಿತು. ಅದರಲ್ಲಿ ದುಡ್ಡು ಹಾಕಿಟ್ಟು ಮನೆಗೆ ಮಾಡುತ್ತಿದ್ದವರು ಬೇರೆ ದಾರಿ ಹುಡುಕುತ್ತಿರುವಾಗಲೇ ಅಗ್ಗದ ಆ್ಯಪ್‌ಗಳ ಜಾಹೀರಾತು ಕಣ್ಣಿಗೆ ಬೀಳೋದು. ಆಯ್ಕೆ ಮಾಡುವಾಗ ನಾನು ಮೇಲೆ ಹೇಳಿದ ಪರೀಕ್ಷೆ ಸಾಕು: ಮನೆಯ ಫೋನಿನಲ್ಲಿ ನಿಮ್ಮದೇ ನಂಬರ್ ಕಾಣುತ್ತಾ ಅಂತ ನೋಡಿ.

ಡಯಲ್ ಮಾಡುವ ವಿಷಯ ಚಿಕ್ಕದು, ಆದರೆ ಅಲ್ಲೇ ತಪ್ಪೋದು ಜಾಸ್ತಿ. ಹೊರದೇಶದಿಂದ ಮಾಡುವಾಗ +91 ಆದ ಮೇಲೆ ಸೊನ್ನೆ ಹಾಕಬಾರದು. ಮೈಸೂರಿನ ಲ್ಯಾಂಡ್‌ಲೈನಿಗೆ +91 821, ಆಮೇಲೆ ಏಳಂಕಿ. ಮಂಡ್ಯಕ್ಕೆ +91 8232, ಆಮೇಲೆ ಆರಂಕಿ. +91 ಬಿಟ್ಟು ಎಣಿಸಿದರೆ ಯಾವಾಗಲೂ ಹತ್ತಂಕಿ ಬರಬೇಕು. ಪ್ಲಸ್ ಗುರುತು ಇಲ್ಲದ ಫೋನಾದರೆ ದುಬೈನಿಂದ 00, ಅಮೆರಿಕದಿಂದ 011 ಹಾಕಿ ಮುಂದೆ 91.

ಇನ್ನು ಕರೆ ತಗೊಳ್ಳುವವರ ಭಯ. ಇದನ್ನು ನಾನು ಹಗುರವಾಗಿ ನೋಡಲ್ಲ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಹಿರಿಯರ ಜೀವಮಾನದ ಉಳಿತಾಯ ದೋಚಿದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ನಿಮ್ಮ ನಂಬರ್ ಎರಡು ಗಂಟೆಯಲ್ಲಿ ಕಟ್ ಆಗುತ್ತೆ ಅಂತ ದೂರಸಂಪರ್ಕ ಇಲಾಖೆ ಯಾರಿಗೂ ಫೋನ್ ಮಾಡಲ್ಲ. ಒಂದೇ ರಿಂಗ್ ಕೊಟ್ಟು ಕಟ್ಟಾದ, ಗುರುತಿಲ್ಲದ ಹೊರದೇಶದ ನಂಬರಿಗೆ ವಾಪಸ್ ಮಾಡಬೇಡಿ, ಐಎಸ್‌ಡಿ ದುಡ್ಡು ಹೋಗುತ್ತೆ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಇರುತ್ತೆ.

ಆದರೆ ಗುರುತಿಲ್ಲದ ನಂಬರ್ ಎತ್ತಬೇಡಿ ಅಂತ ಹೇಳಿ ಸುಮ್ಮನಾಗೋದೂ ಸರಿಯಲ್ಲ ಅಂತ ಅವತ್ತು ನನಗೆ ಅರ್ಥವಾಯಿತು. ಯಾವ ನಂಬರ್ ಎತ್ತಬೇಕು ಅಂತಲೂ ಹೇಳಿಕೊಡಬೇಕಿತ್ತು. ಮುಂದಿನ ಭಾನುವಾರ ಮೈಸೂರಿಗೆ ಹೋದೆ. ಅಣ್ಣನ ಆ ಆ್ಯಪ್ ತೆಗೆಸಿದೆ. ದೊಡ್ಡಮ್ಮನ ಫೋನಿಗೆ ಬೋಟಿಮ್ ಹಾಕಿದೆ. ವಿಡಿಯೋಗೆ ಅದು, ತುರ್ತಿಗೆ ನೇರ ಐಎಸ್‌ಡಿ ಅಂತ ಮಾತಾಯಿತು. ಅಣ್ಣನ +971 ನಂಬರನ್ನು ಫೋಟೋ ಸಮೇತ ಸೇವ್ ಮಾಡಿ, ಬೇರೆಯೇ ರಿಂಗ್‌ಟೋನ್ ಇಟ್ಟೆ. ಅತ್ತಿಗೆಯ ನಂಬರಿಗೂ ಹಾಗೇ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಂತ ವಿವರಿಸಿದೆ. ಇಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಆರೂವರೆ, ಅವನು ಕೆಲಸದಿಂದ ಬಂದಿರುತ್ತಾನೆ.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು. ಫೋಟೋ ಬಂದರೆ ಸರಿ, ಫೋನ್ ಕೆಟ್ಟು ಹೊಸದು ತಗೊಂಡರೆ ಏನು ಮಾಡಲಿ ಅಂತ ಕೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು, ದೇವರ ಮನೆ ಗೂಡಿನಲ್ಲಿದ್ದ ಒಂಟಿಕೊಪ್ಪಲ್ ಪಂಚಾಂಗ ತಂದು, ರಟ್ಟಿನ ಒಳಗಡೆ ಪೆನ್ನಿನಲ್ಲಿ ದಪ್ಪಗೆ ಬರೆದರು: "971 – ನಮ್ಮವನು. ಎತ್ತಬೇಕು." ಅದರ ಕೆಳಗೆ ಮೊಮ್ಮಗಳು ಹುಟ್ಟಿದ ದಿನ, ನಕ್ಷತ್ರ.